ಮುಸುವಗಳ ಮದ್ದಿನ ಶಾಲೆಗೆ ಈರಿ ಸೇರಿದ್ದು

ಒಂದು ಕಾಡಿನಲ್ಲಿ, ಕೊಳದ ದಂಡೆಯ ಹಳೆಯ ಆಲದ ಮರದ ಕೆಳಗೆ, ಒಂದು ಮದ್ದಿನ ಶಾಲೆ ಇತ್ತು. ಕಾಡಿಗೆಲ್ಲ ಅದೊಂದೇ ಶಾಲೆ. ಕಾಲು ಉಳುಕಿದ ಜಿಂಕೆಯಾಗಲಿ, ಕೆಮ್ಮು ಹತ್ತಿದ ಕರಡಿಯಾಗಲಿ, ಮದ್ದಿಗೆ ಅಲ್ಲಿಗೇ ಬರಬೇಕು. ಆದರೆ ಅಲ್ಲಿ ಕಲಿಸುವವರೂ ಮುಸುವಗಳೇ, ಕಲಿಯುವವರೂ ಮುಸುವಗಳೇ. ಎಲ್ಲಿ ನೋಡಿದರೂ ಕಪ್ಪು ಮೋರೆ, ಮಾರುದ್ದ ಬಾಲ. ಬೇರೊಂದು ಮುಖ ಹುಡುಕಿದರೂ ಸಿಗುತ್ತಿರಲಿಲ್ಲ.

ಹಾಗೆಂದು ಅವರೇನೂ ಕೆಟ್ಟವರಲ್ಲ. ಬೇರು ಅರೆಯುವುದರಲ್ಲಿ, ಮುರಿದ ಮೂಳೆ ಕೂಡಿಸುವುದರಲ್ಲಿ ಎತ್ತಿದ ಕೈ. ಆದರೆ ಅವರಿಗೆ ಗೊತ್ತಿದ್ದದ್ದು ಮುಸುವನ ಮೈ ಒಂದೇ. ಜ್ವರವೆಂದು ಬಂದ ಕಪ್ಪೆಗೆ, "ಮೈ ಚೆನ್ನಾಗಿ ಒರೆಸ್ಕೊಂಡು ಬಿಸಿಲಲ್ಲಿ ಕೂತ್ಕೊ" ಎಂದರು. ಪಾಪ, ಕಪ್ಪೆ ಒಣಗಿ ಹಪ್ಪಳವಾಗುವುದೊಂದು ಬಾಕಿ! ತಲೆನೋವೆಂದು ಬಂದ ಗೂಬೆಗೆ, "ರಾತ್ರಿ ಹೊತ್ತು ಕಣ್ತುಂಬ ನಿದ್ದೆ ಮಾಡು" ಎಂದರು. ಗೂಬೆ ವಾರವಿಡೀ ಬೇಟೆಯಿಲ್ಲದೆ ಉಪವಾಸ ಬಿತ್ತು.

ಅದೇ ಕಾಡಿನಲ್ಲಿ ಈರಿ ಎಂಬ ಉಡ ಇದ್ದಳು. ಒಮ್ಮೆ ಅವಳ ತಾಯಿ ಪೊರೆ ಬಿಡುತ್ತಿದ್ದಳು. ಅದನ್ನು ಕಂಡ ಮುಸುವಗಳು ಇದ್ಯಾವುದೋ ಚರ್ಮ ಕಿತ್ತುಬರುವ ರೋಗವೆಂದು ಗಾಬರಿಯಾದವು. ಉದುರುತ್ತಿದ್ದ ಪೊರೆಯನ್ನೆಲ್ಲ ಮರದಂಟು ಹಚ್ಚಿ ಮತ್ತೆ ಮೈಗೆ ಅಂಟಿಸಿದವು. ತಾಯಿ ಎರಡು ತಿಂಗಳು ನರಳಿದಳು. ಅಮ್ಮನ ಪಕ್ಕದಲ್ಲಿ ಕೂತು ಒಂದೊಂದೇ ಚೂರು ಬಿಡಿಸುತ್ತ ಈರಿ ಅತ್ತುಬಿಟ್ಟಳು. ನಮ್ಮ ಮೈ ಬಲ್ಲವರೊಬ್ಬರು ಆ ಶಾಲೆಯಲ್ಲಿ ಇರಲೇಬೇಕು, ಆ ಒಬ್ಬಳು ನಾನೇ ಆಗಬೇಕು ಎಂದು ಅವಳು ಅಂದೇ ತೀರ್ಮಾನಿಸಿದಳು.

ಶಾಲೆಯ ಬಾಗಿಲಲ್ಲಿ ಕೂರುತ್ತಿದ್ದವನು ನಾಜೂಕಯ್ಯ ಎಂಬ ಮುಸುವ. ಹಿರಿಯ ಗುರು ಹಿರೇಬಾಲಯ್ಯನವರ ಕೈಕೆಳಗಿನವನು. ಬಾಯಲ್ಲಿ ಬಸಪ್ಪ, ಹೊಟ್ಟೆಯಲ್ಲಿ ವಿಷಪ್ಪ.

"ಬಾ ಮಗಳೇ, ಬಾ. ನಿನ್ನಂಥ ಜಾಣೆ ಬಂದ್ರೆ ಶಾಲೆಗೇ ಶೋಭೆ" ಎಂದ ಅವನು. "ಆದ್ರೆ ಒಂದು ನಿಯಮ ಇದೆ ನೋಡು. ಶಾಲೆಯೊಳಗಿನೋರು ಯಾರಾದ್ರೂ ಕೈ ಹಿಡಿದು ಕರ್ಕೊಂಡು ಬರ್ಬೇಕು."

"ಶಾಲೆಯೊಳಗೆ ನಮ್ಮೋರು ಯಾರೂ ಇಲ್ವಲ್ಲ ಸ್ವಾಮಿ?"

"ಅಯ್ಯೋ, ಅದಕ್ಕೆ ನಾನೇನು ಮಾಡ್ಲಿ ತಾಯಿ? ಹಿಂದಿನೋರು ಮಾಡಿದ ನಿಯಮ. ಬಾಗಿಲಂತೂ ಎಲ್ರಿಗೂ ತೆರೆದೇ ಇದೆ!"

ಮೂರು ವರ್ಷ ಈರಿ ಹೋದಳು. ಮೂರು ವರ್ಷವೂ ಇದೇ ಮಾತು. ನಾಜೂಕಯ್ಯನ ಅಣ್ಣನ ಮಕ್ಕಳು ಮಾತ್ರ ಅವನ ಕೈ ಹಿಡಿದು ಒಬ್ಬರ ಹಿಂದೊಬ್ಬರು ಒಳಗೆ ಹೋದರು. ಅವರಲ್ಲೊಬ್ಬನಿಗೆ ಬೇವಿಗೂ ಬೇಲಕ್ಕೂ ವ್ಯತ್ಯಾಸ ಗೊತ್ತಿರಲಿಲ್ಲ.

ಈರಿ ಬೇಸತ್ತು ಕಲ್ಲಜ್ಜಿಯ ಬಳಿ ಹೋದಳು. ಕಲ್ಲಜ್ಜಿ ಎಂದರೆ ಕೊಳದ ದಂಡೆಯ ಆಮೆ, ಕಾಡಿಗೇ ಹಿರಿಯಳು. ಎಲ್ಲ ಕೇಳಿ ಅವಳು ತಲೆ ಹೊರಗೆ ಹಾಕಿದಳು.

"ಹಿಂದಿನೋರು ಮಾಡಿದ್ದಂತಾ? ಹಿಂದಿನೋಳು ನಾನೇ ಇನ್ನೂ ಬದುಕಿದ್ದೀನಿ ಕಣೇ! ಹುಣ್ಣಿಮೆ ದಿನ ಆನೆಗೌಡ್ತಿ ನ್ಯಾಯ ಹೇಳೋಕೆ ಬರ್ತಾಳಲ್ಲ, ಅವಳ ಮುಂದೆ ಇದ್ದದ್ದು ಇದ್ದ ಹಾಗೆ ಹೇಳ್ತೀನಿ."

ಸುದ್ದಿ ನಾಜೂಕಯ್ಯನ ಕಿವಿಗೆ ಬಿತ್ತು. ಅವನಿಗೆ ಅನ್ನ ಸೇರಲಿಲ್ಲ.

ಮಾಗಿಯ ಚಳಿ ಆ ವರ್ಷ ಎಲುಬು ಕೊರೆಯುವಂತಿತ್ತು. ಹುಣ್ಣಿಮೆಯ ಬೆಳಿಗ್ಗೆ ಕಲ್ಲಜ್ಜಿ ಕರೆದರೆ ಓಗೊಡಲಿಲ್ಲ. ನಾಜೂಕಯ್ಯ ಓಡಿ ಬಂದು ಚಿಪ್ಪಿನೊಳಗೆ ಕೈ ತೂರಿಸಿ ಅವಳ ಕಾಲು ಮುಟ್ಟಿ ನೋಡಿದ. ತಣ್ಣಗಿತ್ತು. ಕತ್ತಿನ ಮೇಲೆ ಬೆರಳಿಟ್ಟು ಹತ್ತು ಎಣಿಸಿದ. ನಾಡಿ ಸಿಗಲಿಲ್ಲ. ಮೈ ತಣ್ಣಗಾಗಿ ನಾಡಿ ನಿಂತರೆ ಸಾವು ಎಂದು ಶಾಲೆಯ ಮೊದಲ ಪಾಠವೇ ಹೇಳುತ್ತಿತ್ತು. ಅಜ್ಜಿ ಸತ್ತಳೆಂದು ಅವನು ನಿಜವಾಗಿಯೂ ನಂಬಿದ. ನಂಬಿ ಒಳಗೊಳಗೇ ಹಿರಿಹಿರಿ ಹಿಗ್ಗಿದ. "ಹೋಗಿಬಿಟ್ಯಾ ಅಜ್ಜಿ!" ಎಂದು ಗೋಳಾಡುತ್ತಲೇ ಅಣ್ಣನ ಮಕ್ಕಳಿಂದ ಅವಳ ಮನೆಯ ಮುಂದೆ ಗುಂಡಿ ತೋಡಿಸಿದ.

ಕಾಡೆಲ್ಲ ನೆರೆಯಿತು. ಹಿರೇಬಾಲಯ್ಯನವರು ಕಣ್ಣೊರೆಸಿಕೊಂಡರು. ಆನೆಗೌಡ್ತಿ ತಲೆ ತಗ್ಗಿಸಿ ನಿಂತಳು. ಇನ್ನೇನು ಅಜ್ಜಿಯನ್ನು ಗುಂಡಿಗೆ ಇಳಿಸಬೇಕು, ಅಷ್ಟರಲ್ಲಿ ಈರಿ ಮಂಜಿನಲ್ಲಿ ತೆವಳುತ್ತ ಬಂದಳು. ಚಳಿಗೆ ಅವಳ ಕಾಲುಗಳೂ ಮರಗಟ್ಟಿದ್ದವು. ಒಂದು ಹೆಜ್ಜೆಗೂ ಇನ್ನೊಂದಕ್ಕೂ ಯುಗ ಕಳೆದಂತಿತ್ತು.

"ನಿಲ್ಲಿಸಿ! ಅಜ್ಜಿ ಸತ್ತಿಲ್ಲ! ಬಿಸಿಲು ಬರೋವರೆಗೂ ಕಾಯಿರಿ!"

"ಮೈ ಮಂಜುಗಡ್ಡೆ ಆಗಿದೆ, ಇನ್ನೇನು ಕಾಯೋದು?" ನಾಜೂಕಯ್ಯ ಗದರಿದ. "ಶಾಲೆ ಮೆಟ್ಟಿಲು ಹತ್ತದೋಳು ನಮಗೆ ಪಾಠ ಹೇಳ್ತಾಳೆ!"

ಈರಿ ಅವನ ಕಡೆ ತಿರುಗಿಯೂ ನೋಡಲಿಲ್ಲ. ನೇರವಾಗಿ ಹಿರೇಬಾಲಯ್ಯನವರ ಮುಂದೆ ಹೋಗಿ ನಿಂತಳು.

"ಗುರುಗಳೇ, ನನ್ನ ಮೈ ಮುಟ್ಟಿ ನೋಡಿ."

ಹಿರೇಬಾಲಯ್ಯನವರು ಮುಟ್ಟಿದರು. ಬೆಚ್ಚಿ ಕೈ ಹಿಂದೆ ತೆಗೆದುಕೊಂಡರು. ಅದೇ ತಣ್ಣನೆಯ ಮೈ.

"ಈಗ ಹೇಳಿ ಗುರುಗಳೇ, ನಾನು ಸತ್ತಿದ್ದೀನಾ?"

ಎಷ್ಟೋ ಮರಿಗಳಿಗೆ ಪಾಠ ಹೇಳಿದ್ದ ಹಿರೇಬಾಲಯ್ಯನವರು ಒಮ್ಮೆ ಈರಿಯನ್ನು, ಒಮ್ಮೆ ಅಜ್ಜಿಯನ್ನು ನೋಡಿದರು. "ಮಧ್ಯಾಹ್ನದವರೆಗೂ ಕಾಯೋಣ" ಎಂದರು.

ನಾಜೂಕಯ್ಯನಿಗೆ ಉರಿದುಹೋಯಿತು. ದೇವರು ವರ ಕೊಟ್ಟರೂ ಪೂಜಾರಿ ಬಿಡಬೇಕಲ್ಲ! ಎಲ್ಲರೆದುರು ಈರಿಯನ್ನು ಹಂಗಿಸಿ ನಗಬೇಕೆಂದು ಅವನ ನಾಲಿಗೆ ಜಾರಿತು.

"ಆಗ್ಲಿ! ಸತ್ತ ಅಜ್ಜಿ ಎದ್ದು ಕೂತ್ರೆ ನಾನೇ ಇವಳ ಕೈ ಹಿಡಿದು ಶಾಲೆಗೆ ಕರ್ಕೊಂಡು ಹೋಗ್ತೀನಿ. ಏಳದಿದ್ರೆ ಇವಳು ಈ ಕಾಡೇ ಬಿಟ್ಟು ಹೋಗ್ಬೇಕು!"

"ಒಪ್ಪಿದೆ" ಎಂದಳು ಈರಿ.

ಆನೆಗೌಡ್ತಿ ಕಲ್ಲಜ್ಜಿಯನ್ನು ಸೊಂಡಿಲಲ್ಲಿ ಮೆಲ್ಲಗೆ ಎತ್ತಿ ಹಾಸುಬಂಡೆಯ ಮೇಲಿಟ್ಟಳು. ಎಲ್ಲರೂ ಸುತ್ತ ಕೂತರು. ಹೊತ್ತೇರಿದರೂ ಮಂಜು ಕರಗಲಿಲ್ಲ. ನಾಜೂಕಯ್ಯ ಗಳಿಗೆಗೊಮ್ಮೆ ಕೆಮ್ಮಿದ. ಈರಿ ಅಜ್ಜಿಯ ಪಕ್ಕದಲ್ಲೇ ಚಪ್ಪಟೆಯಾಗಿ ಮಲಗಿದಳು. ಚಳಿಯಲ್ಲಿ ಜೀವ ಎಷ್ಟು ಆಳಕ್ಕೆ ಇಳಿದು ಕೂರುತ್ತದೆಂದು ಅವಳ ಮೈಗೆ ಗೊತ್ತಿತ್ತು. ಆದರೂ ಭಯವಾಯಿತು. ಅಜ್ಜಿಗೆ ವಯಸ್ಸಾಗಿದೆ, ಒಂದು ವೇಳೆ ನಿಜವಾಗಿಯೂ ಹೋಗಿಬಿಟ್ಟಿದ್ದರೆ? ಈ ಕಾಡು, ಅಮ್ಮ, ಎಲ್ಲ ಬಿಟ್ಟು ಎಲ್ಲಿಗೆ ಹೋಗುವುದು?

ಕೊನೆಗೂ ಮಂಜು ಸೀಳಿ ಬಿಸಿಲು ಬಂಡೆಯ ಮೇಲೆ ಬಿತ್ತು. ಮೊದಲು ಈರಿಯ ಬೆರಳುಗಳು ಸಡಿಲವಾದವು. ಬಂಡೆ ಕಾದಿತು. ಅಜ್ಜಿಯ ಚಿಪ್ಪು ಕಾದಿತು. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಚಿಪ್ಪಿನೊಳಗಿಂದ ಒಂದು ಕಾಲು ಅಲುಗಿತು. ಆಮೇಲೆ ಇನ್ನೊಂದು. ಆಮೇಲೆ ಸುಕ್ಕು ಸುಕ್ಕಾದ ತಲೆ ಹೊರಗೆ ಬಂತು.

"ಯಾವನೋ ಅವನು," ಎಂದಳು ಕಲ್ಲಜ್ಜಿ, "ನನ್ನ ಮನೆ ಮುಂದೆ ಗುಂಡಿ ತೋಡಿರೋನು?"

ಕಾಡೇ ಹಾರಿಬೀಳುವಂತೆ ಎಲ್ಲರೂ ಕೂಗಿದರು. ಕಪ್ಪೆಗಳು ವಟಗುಟ್ಟಿ ಕುಣಿದವು. ಹಿರೇಬಾಲಯ್ಯನವರು ಅಳುತ್ತ ನಕ್ಕರು. ಈರಿ ಸಂತೋಷದಿಂದ ಅಜ್ಜಿಯ ಚಿಪ್ಪನ್ನು ತಬ್ಬಿಕೊಂಡಳು.

ಕಲ್ಲಜ್ಜಿ ಗಂಟಲು ಸರಿಮಾಡಿಕೊಂಡಳು. "ಗೌಡ್ತಿ, ಬಂದದ್ದೇ ಬಂದಿದ್ದೀಯ, ಕೇಳು. ನಾನು ಮರಿಯಾಗಿದ್ದಾಗ ಇದೇ ಶಾಲೆಯಲ್ಲಿ ಕಪ್ಪೆ ಪಾಠ ಹೇಳ್ತಿತ್ತು, ಗೂಬೆ ರಾತ್ರಿ ರೋಗಿಗಳನ್ನ ನೋಡ್ತಿತ್ತು. ಪರೀಕ್ಷೆ ಕೊಟ್ಟು ಯಾರು ಬೇಕಾದ್ರೂ ಸೇರ್ತಿದ್ರು. ಈ ನಾಜೂಕಯ್ಯನ ಅಪ್ಪ ಮೂರು ಸಲ ಪರೀಕ್ಷೆಯಲ್ಲಿ ಬಿದ್ದ. ಆಗ ಇವನ ತಾತ ತಂದ ನಿಯಮ ಇದು, ಕೈ ಹಿಡಿದು ಕರ್ಕೊಂಡು ಬರೋದು! ಇವನಿಗೂ ಇದೆಲ್ಲ ಚೆನ್ನಾಗಿ ಗೊತ್ತು."

ನಾಜೂಕಯ್ಯ ಮೆಲ್ಲಗೆ ಜಾಗ ಖಾಲಿ ಮಾಡಲು ನೋಡಿದ. ಆನೆಗೌಡ್ತಿ ಸೊಂಡಿಲು ಅಡ್ಡ ಹಿಡಿದಳು.

"ಕೊಟ್ಟ ಮಾತು ಎಲ್ಲಿ? ಕೈ ಹಿಡಿ."

"ಅದು ತಮಾಷೆಗೆ ಅಂದದ್ದು ಗೌಡ್ತಮ್ಮ..."

"ಹಿಡಿ ಅಂದೆ."

ನಾಜೂಕಯ್ಯ ಬೇಡದ ಮನಸ್ಸಿನಿಂದ ಬೆರಳ ತುದಿ ಚಾಚಿದ. ಈರಿ ಅವನ ಕೈಯನ್ನೇ ಹಿಡಿದಳು. ಉಡದ ಪಟ್ಟು ಎಂದರೆ ಸುಮ್ಮನೆಯೇ? ನಾಲ್ಕು ಹೆಜ್ಜೆ ನಡೆದವನು ಮರಕ್ಕೆ ಹಾರಿ ತಪ್ಪಿಸಿಕೊಳ್ಳಲು ನೋಡಿದ. ಈರಿ ಕೈ ಬಿಡಲಿಲ್ಲ. ಎಳೆತಕ್ಕೆ ಆಯ ತಪ್ಪಿ ತಾನೇ ತೋಡಿಸಿದ ಗುಂಡಿಗೆ ದೊಪ್ಪನೆ ಬಿದ್ದ. ಈರಿ ಅವನನ್ನು ಅದೇ ಕೈಯಿಂದ ಮೇಲೆ ಎಳೆದಳು. "ಎಲ್ಲಾದ್ರೂ ಪೆಟ್ಟಾಯ್ತಾ ಸ್ವಾಮಿ?" ಎಂದು ಕಾಲು ಮುಟ್ಟಿ ನೋಡಿದಳು. ಮೂಳೆ ಸರಿಯಿತ್ತು, ಮಾನ ಮಾತ್ರ ಹೋಗಿತ್ತು.

ಹೀಗೆ ಮೈಯೆಲ್ಲ ಮಣ್ಣಾದ ನಾಜೂಕಯ್ಯ ಈರಿಯ ಕೈ ಹಿಡಿದು, ಕಾಡೆಲ್ಲ ನೋಡುತ್ತಿರುವಾಗ, ಅವಳನ್ನು ಬಾಗಿಲು ದಾಟಿಸಿದ. ಒಳಗೆ ಕಾಲಿಟ್ಟ ಈರಿ ಸುಮ್ಮನೆ ಕೂರಲಿಲ್ಲ. ತಿರುಗಿ ನಿಂತು ಇನ್ನೊಂದು ಕೈ ಹೊರಗೆ ಚಾಚಿದಳು.

"ಶಾಲೆಯೊಳಗಿನೋರು ಕೈ ಹಿಡಿದ್ರೆ ಸಾಕು ತಾನೇ? ಈಗ ನಾನೂ ಒಳಗಿನೋಳು. ಕಪ್ಪೆಯಕ್ಕ, ಬಾ!"

ಕಪ್ಪೆ ಛಂಗನೆ ಹಾರಿ ಅವಳ ಕೈ ಹಿಡಿಯಿತು. ಕಪ್ಪೆಯ ಕೈಯನ್ನು ಗೂಬೆ ಹಿಡಿಯಿತು. ಗೂಬೆಯ ಹಿಂದೆ ಮುಂಗುಸಿ, ಮುಂಗುಸಿಯ ಹಿಂದೆ ಮುಳ್ಳುಹಂದಿ, ಅದರ ಹಿಂದೆ ಬಾವಲಿ. ನಾಜೂಕಯ್ಯನ ಮನೆತನ ಮೂರು ತಲೆಮಾರು ಕಾದ ಬಾಗಿಲು ಒಂದೇ ಮಧ್ಯಾಹ್ನದಲ್ಲಿ ಅಗಲವಾಯಿತು. ಹಿರೇಬಾಲಯ್ಯನವರು ಪಕ್ಕಕ್ಕೆ ಸರಿದು ಎಲ್ಲರಿಗೂ ದಾರಿ ಬಿಟ್ಟರು. ಆಮೇಲೆ ತಾವೇ ಹೊರಗೆ ಬಂದು ಕಲ್ಲಜ್ಜಿಯ ಮುಂದೆ ಕೈ ಮುಗಿದು, "ಅಜ್ಜಿ, ನೀವು ನಮಗೆ ಪಾಠ ಹೇಳ್ಬೇಕು" ಎಂದರು.

ಅಂದಿನಿಂದ ನಿಯಮ ಹೋಯಿತು, ಪರೀಕ್ಷೆ ಮರಳಿ ಬಂತು. ನಾಜೂಕಯ್ಯನ ಅಣ್ಣನ ಮಕ್ಕಳೂ ಬರೆದರು. ಒಬ್ಬ ಪಾಸಾದ, ಉಳಿದವರು ಮನೆಗೆ ಹೋದರು. ನಾಜೂಕಯ್ಯನ ಪದವಿ ಹೋಗಿ, ಅವನು ಮೊದಲ ತರಗತಿಯ ಚಾಪೆಗೆ ಬಂದು ಕೂರಬೇಕಾಯಿತು. ಆಮೆಯ ನಾಡಿ ಹಿಡಿಯುವುದನ್ನು ಅವನಿಗೆ ಹೇಳಿಕೊಟ್ಟವಳು ಈರಿ.

"ಅಲುಗಾಡಬೇಡಿ ಸ್ವಾಮಿ" ಎನ್ನುತ್ತಿದ್ದಳು ಅವಳು. "ಇನ್ನೂ ಸ್ವಲ್ಪ ಕಾಯಿರಿ. ಈಗ ಸಿಕ್ತು ನೋಡಿ!"

ನೀತಿ: ಎಲ್ಲರ ನೋವಿಗೆ ಮದ್ದು ಕೊಡುವ ಮನೆಯಲ್ಲಿ ಎಲ್ಲ ಬಗೆಯವರೂ ಕಲಿಯಬೇಕು, ಕಲಿಸಬೇಕು. ಬೇರೆಯವರನ್ನು ಹೊರಗಿಡಲು ಕುತಂತ್ರ ಮಾಡುವವನು ತಾನು ತೋಡಿದ ಗುಂಡಿಗೆ ತಾನೇ ಬೀಳುತ್ತಾನೆ.