ನೆರಳು ಕದಿಯುತ್ತಿದ್ದ ಹೊಳೆ

ಲೋಕ ಇನ್ನೂ ಹೊಚ್ಚಹೊಸದಾಗಿದ್ದಾಗ, ಬೆಟ್ಟಗಳ ಮೈಯಿನ್ನೂ ಆರಿರದಿದ್ದಾಗ, ಹೊಳೆಯ ದಡದಲ್ಲಿ ಒಂದು ಮರವೂ ಇರಲಿಲ್ಲ. ಮರಗಳೆಲ್ಲ ಬೆಟ್ಟದ ಬುಡದಲ್ಲೇ ನಿಂತಿದ್ದವು. ಕಾಲು ಒದ್ದೆಯಾದೀತು ಅಂತ ಅವಕ್ಕೆ ಬಿಂಕ.

ದೂರದ ದೊಡ್ಡ ನದಿಯಿಂದ ತಾಯಿಮೀನು ಬಂಡೆ ಹಾರಿ ಹಾರಿ ಹೊಳೆಗೆ ಬರುತ್ತಿತ್ತು. ಕಲ್ಲುಹರಳಿನ ನಡುವೆ ಮೊಟ್ಟೆಯಿಡುತ್ತಿತ್ತು. ಬಿಸಿಲಿಗೆ ನೀರು ಕಾಯುತ್ತಿತ್ತು, ಮೊಟ್ಟೆಗಳು ಬೆಳ್ಳಗಾಗಿ ಸಾಯುತ್ತಿದ್ದವು.

ಹೊಳೆಗೆ ಅದನ್ನು ನೋಡಲಾಗಲಿಲ್ಲ. ನೆರಳು ಬೇಕಿತ್ತು, ಎಲ್ಲೂ ಇರಲಿಲ್ಲ. ಅದು ಕದಿಯಲು ಶುರುಮಾಡಿತು.

ನೀರಿಗೆ ಬಂದವರ ನೆರಳು ನೀರಿನ ಮೇಲೆ ಬಿದ್ದರೆ ಸಾಕು, ಹೊಳೆ ಮೆಲ್ಲಗೆ ಎಳೆದುಕೊಳ್ಳುತ್ತಿತ್ತು. ನೋವಿಲ್ಲ, ಸದ್ದಿಲ್ಲ. ಕೊಡ ತುಂಬಿಕೊಂಡವರು ನೆರಳಿಲ್ಲದೆ ಮನೆ ಸೇರುತ್ತಿದ್ದರು.

ಕೇತವ್ವನ ಮಗಳು, ಎರಡು ಜಡೆಯ ದುಗ್ಗಿಗೂ ಹಾಗೇ ಆಯಿತು. ಬಿಸಿಲಲ್ಲಿ ಕೂತರೂ ನಡುಗುತ್ತಿದ್ದಳು. ಅಲ್ಲಿ ಯಾರೂ ಇಲ್ಲವೆಂಬಂತೆ ಕೋಳಿಗಳು ಅವಳ ಮಡಿಲು ದಾಟಿ ಹೋಗುತ್ತಿದ್ದವು. ಸಾಕಿದ ನಾಯಿ ಮೂಸಿ, ಗುರುತು ಸಿಗದೆ ಮುಂದೆ ನಡೆಯುತ್ತಿತ್ತು. ಒಂದು ದಿನ ಊಟಕ್ಕೆ ಕರೆಯಲು ಬಾಯಿ ತೆರೆದ ಕೇತವ್ವನಿಗೆ ಮಗಳ ಹೆಸರೇ ನೆನಪಾಗಲಿಲ್ಲ.

ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಟ್ಟಗೆ ಹೊಳೆಗೆ ಹೋದಳು. "ಎಲೆ ಹೊಳೆ, ನನ್ನ ಮಗಳ ನೆರಳು ಕೊಡೆ!"

"ಕೊಟ್ರೆ ನನ್ನ ಮಕ್ಕಳು ಬೆಂದುಹೋಗ್ತಾವೆ. ಬಗ್ಗಿ ನೋಡು," ಎಂದಿತು ಹೊಳೆ.

ಕೇತವ್ವ ತನ್ನ ನೆರಳು ನೀರಿಗೆ ಬೀಳದಂತೆ ನಿಂತು, ಹೆದರುತ್ತಲೇ ಕತ್ತು ಚಾಚಿದಳು. ನೀರಿನ ತಳದಲ್ಲಿ ಮನುಷ್ಯರ ನೆರಳುಗಳು ಕಂಬಳಿಯಂತೆ ಸಾಲಾಗಿ ಹಾಸಿಕೊಂಡಿದ್ದವು. ಅವುಗಳ ಅಡಿಯಲ್ಲಿ ಮೀನಿನ ಮೊಟ್ಟೆಗಳು. ಎರಡು ಜಡೆಯ ಒಂದು ನೆರಳು ತಲೆಯೆತ್ತಿ ಅವಳನ್ನೇ ನೋಡಿತು.

"ಬೇರೆ ನೆರಳು ತಂದುಕೊಟ್ರೆ?"

"ತಾ. ಆಮೇಲೆ ಮಾತಾಡು."

ದಡದಲ್ಲಿ ಗಿಡ ನೆಡೋಣವೆಂದು ಕೇತವ್ವ ಮನೆಮನೆಗೆ ಹೋಗಿ ಮುಯ್ಯಾಳು ಕರೆದಳು. ಆ ಊರಲ್ಲಿ ಕೂಲಿಯಿರಲಿಲ್ಲ. ಇವತ್ತು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ. ಅದೇ ಮುಯ್ಯಾಳು.

"ಹೊಳೆ ದಡ ಯಾರ ಗದ್ದೇನವ್ವಾ? ಅಲ್ಲಿ ಗಿಡ ನೆಟ್ರೆ ಮುಯ್ಯಿ ತೀರ್ಸೋರು ಯಾರು?" ಎಂದು ಊರ ಯಜಮಾನ ಮಾಚಯ್ಯ ನಕ್ಕ.

"ಹೊಳೇನೇ ತೀರಿಸ್ತದೆ," ಎಂದುಬಿಟ್ಟಳು ಕೇತವ್ವ.

ಅರ್ಧ ಊರು ನಕ್ಕಿತು. ಯಾರ ಮನೆಯಲ್ಲಿ ನೆರಳು ಕಳೆದುಕೊಂಡವರಿದ್ದರೋ ಅವರು ಮಾತ್ರ ನಗಲಿಲ್ಲ, ಗುದ್ದಲಿ ಹಿಡಿದು ಬಂದರು.

ಬಂದವರು ಮಾಡಿದ ಎಡವಟ್ಟು ನೋಡಿ! ಮುಯ್ಯಾಳಿಗೆ ಹೋದವರು ಗದ್ದೆಯವರನ್ನು ಕೇಳದೆ ಒಂದು ಸಸಿಯನ್ನೂ ನೆಡುವುದಿಲ್ಲ. ಇಲ್ಲಿ ಗದ್ದೆಯವಳು ಹೊಳೆಯೆಂದು ಯಾರಿಗೂ ತೋಚಲೇ ಇಲ್ಲ. ಹಿತ್ತಲ ನುಗ್ಗೆ, ಪಪ್ಪಾಯಿ, ಕೈಗೆ ಸಿಕ್ಕಿದ್ದನ್ನೆಲ್ಲ ತಂದು ನೆಟ್ಟರು. ಎಲ್ಲವೂ ಬುಡ ಕೊಳೆತು ಬಿದ್ದವು.

ಆಗ ಕೇತವ್ವ ದಡದಲ್ಲಿ ಕೂತು ಹೊಳೆಯನ್ನೇ ಕೇಳಿದಳು, "ಏನು ನೆಡ್ಲಿ, ನೀನೇ ಹೇಳು."

ನೀರಿನಿಂದ ತಾಯಿಮೀನು ತಲೆಯೆತ್ತಿತು. "ಒದ್ದೆ ಕಾಲಲ್ಲಿ ನಿಲ್ಲೋವನ್ನ ತನ್ನಿ. ನೀರುನೇರಳೆ, ಹೊಳೆಮತ್ತಿ, ಹೊಂಗೆ. ಇದೇ ಕಾಡಿನವು."

"ಬೀಜ ಎಲ್ಲಿ ಬಿದ್ದಿದೆ, ನಾನು ತೋರಿಸ್ತೀನಿ," ಎಂದಿತು ಗಾಳಿ.

ಮತ್ತೆ ಬಂದರು, ಮತ್ತೆ ಅಗೆದರು. ಬೀಜ ಮೊಳೆತು ಸಸಿಗಳು ಮೊಣಕಾಲೆತ್ತರ ಬಂದವು. ಒಂದು ಇಳಿಹೊತ್ತಿನಲ್ಲಿ ಹೊಳೆ ಮುಯ್ಯಿ ತೀರಿಸಲು ಎದ್ದಿತು. ನೆರಳು ಕಳೆದುಕೊಂಡವರೆಲ್ಲ ದಡದಲ್ಲಿ ಸೇರಿದ್ದರು, ಅವ್ವನ ಜೊತೆ ದುಗ್ಗಿಯೂ ಇದ್ದಳು.

ನೆರಳುಗಳು ತೊಯ್ದು ತೊಪ್ಪೆಯಾಗಿ ನೀರಿನಿಂದ ಹೊರಗೆ ತೆವಳಿದವು. ಹುಲ್ಲಿನ ಮೇಲೆ ತಡಕಾಡುತ್ತ ತಂತಮ್ಮವರ ಪಾದ ಹುಡುಕಿದವು. ಸಿಕ್ಕ ಪಾದವನ್ನು ಗಟ್ಟಿಯಾಗಿ ಹಿಡಿದವು. ಹಿಡಿಸಿಕೊಂಡವರು ಆ ತಣ್ಣನೆಯ ಹಿಡಿತಕ್ಕೆ ಚೀರಿ, ಆಮೇಲೆ ಅತ್ತು, ಮನೆಗೆ ಓಡಿದರು.

ದುಗ್ಗಿಯ ನೆರಳು ಮಾತ್ರ ನೀರಿನಂಚಿನಲ್ಲೇ ನಿಂತಿತು.

"ಸಸಿಗಳು ಇನ್ನೂ ಎಳೆಯವು. ನಾಳೆ ಬಿಸಿಲು ಬರ್ತದೆ. ಒಂದಾದ್ರೂ ನನಗಿರಲಿ," ಎಂದು ಹೊಳೆ ಬೇಡಿತು.

ಕೇತವ್ವ ಮಗಳ ಮುಖ ನೋಡಿದಳು. ಅದು ಆಗಲೇ ಹೊಗೆಯಂತೆ ತೆಳ್ಳಗಾಗಿತ್ತು. ಸಂಕಟ ತಡೆಯಲಾಗಲಿಲ್ಲ. "ಅವಳದ್ದು ಬಿಡು. ನಂದು ಹಿಡ್ಕೊ," ಎಂದು ನೀರಿನ ಮೇಲೆ ಬಗ್ಗಿ ನಿಂತಳು.

ದುಗ್ಗಿ ಬೆಚ್ಚಗಾದಳು, ಗಂಜಿ ಕೇಳಿದಳು, ನಾಯಿ ಹಾರಿ ಅವಳ ಮೈಮೇಲೆ ಬಿತ್ತು. ಅಂದಿನಿಂದ ಬಿಸಿಲಲ್ಲಿ ನಡುಗುವ ಸರದಿ ಕೇತವ್ವನದು. ಎಲ್ಲಿ ಮರೆತುಹೋಗುವುದೋ ಎಂದು ದುಗ್ಗಿ ದಿನಾ ಬೆಳಗ್ಗೆ ಎದ್ದೊಡನೆ ಅವ್ವನ ಹೆಸರು ಹೇಳಿಕೊಳ್ಳುತ್ತಿದ್ದಳು.

ಮರಗಳು ಬೆಳೆದವು. ಎರಡೂ ದಡದ ಕೊಂಬೆಗಳು ಒಂದಕ್ಕೊಂದು ತಾಗಿದ ದಿನ ಹೊಳೆ ಕೇತವ್ವನ ನೆರಳನ್ನು ಬಿಟ್ಟುಕೊಟ್ಟಿತು. ಅದು ಮನೆಗೆ ಹೋಯಿತು, ಗದ್ದೆಗೆ ಹೋಯಿತು, ಊರೆಲ್ಲ ತಡಕಾಡಿತು. ಕೇತವ್ವ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಪಾದ ಸಿಗದ ನೆರಳು ಹಿಂದಿರುಗಿ ಬಂದು ಮರಗಳನ್ನೇ ಏರಿತು, ಮೀನಿನ ಮರಿಗಳ ಕಡೆಗೆ ಕೊಂಬೆಗಳನ್ನು ಬಗ್ಗಿಸಿತು.

ಅದಕ್ಕೇ ಮಗು, ಹೊಳೆಯಂಚಿನ ಮರಗಳು ಇವತ್ತಿಗೂ ನೀರಿನ ಮೇಲೆ ಬಾಗಿಯೇ ಇರುತ್ತವೆ. ಗಾಳಿಯಿಲ್ಲದ ಮಧ್ಯಾಹ್ನವೂ ಅವುಗಳ ನೆರಳು ಅಲ್ಲಾಡುತ್ತದೆ, ಅದರೊಳಗೆ ನೀನು ಕಾಲಿಟ್ಟರೆ ತಣ್ಣಗೆ ಏನೋ ನಿನ್ನ ಪಾದವನ್ನು ಮುಟ್ಟಿ ನೋಡಿ, ತನ್ನದಲ್ಲವೆಂದು ಬಿಟ್ಟುಬಿಡುತ್ತದೆ.