ಮ್ಯಾನೇಜರ್ ಕೋಣೆಯ ಬೆಂಕಿ

ಮ್ಯಾನೇಜರ್ ಗುರುಮಲ್ಲಪ್ಪನವರು ಕಚೇರಿ ತುಂಬ ‘ಧೂಮಪಾನ ನಿಷೇಧ’ದ ಬೋರ್ಡು ಹಾಕಿಸಿ, ತಾವು ಮಾತ್ರ ಕೋಣೆಯ ಬಾಗಿಲು ಮುಚ್ಚಿಕೊಂಡು ಸಿಗರೇಟು ಸೇದುತ್ತಿದ್ದರು. ಕಸ ಗುಡಿಸುವ ಪುಟ್ಟಸಿದ್ದಮ್ಮನಿಗೆ ಆ ಹೊಗೆಯಿಂದ ಕೆಮ್ಮು ಹತ್ತಿತು. ಹೇಳಿದ್ದಕ್ಕೆ ಸಾಹೇಬರು ಗದರಿದರು: “ನನ್ನ ಆಫೀಸಲ್ಲಿ ಯಾರೂ ಸೇದೋದಿಲ್ಲ. ಇನ್ನೊಂದು ಸಲ ಹಾಗಂದ್ರೆ ಕೆಲಸದಿಂದ ತೆಗೀತೀನಿ!”

“ಆಯ್ತು ಬುದ್ಧಿ,” ಎಂದಳು.

ಮರುದಿನ ಬಾಗಿಲ ಸಂದಿಯಿಂದ ಹೊಗೆ ಬಂತು. “ಬೆಂಕಿ! ಬೆಂಕಿ!” ಎಂದು ಕೂಗುತ್ತ ಪುಟ್ಟಸಿದ್ದಮ್ಮ ಒಳನುಗ್ಗಿ, ಬಕೆಟ್ ನೀರನ್ನು ಸಾಹೇಬರ ಮೇಲೆ ಸುರಿದಳು. ಕಚೇರಿಯವರೆಲ್ಲ ಓಡಿಬಂದರು.

“ಇದೇನೇ ಇದು?” ಸಾಹೇಬರು ಅಬ್ಬರಿಸಿದರು.

“ಇಲ್ಲಿ ಯಾರೂ ಸೇದಲ್ಲವಲ್ಲ ಬುದ್ಧಿ. ಹೊಗೆ ಬಂದ್ರೆ ಬೆಂಕಿನೇ ಅಲ್ವಾ?”

ಎಲ್ಲರೂ ಸಾಹೇಬರ ಮುಖವನ್ನೇ ನೋಡಿದರು. ಅವರು ನೆಂದ ಸಿಗರೇಟನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, “ಹೌದು... ಬೆಂಕಿನೇ. ಸದ್ಯ, ಬದುಕಿಸಿದೆ ಕಣಮ್ಮ,” ಎಂದರು.