ಹದಿನಾಲ್ಕು ಜೊತೆ ಹಳದಿ ಕಾಲುಚೀಲ

ಒಂದು ಕ್ರೀಡಾ ಹಾಸ್ಟೆಲಿನಲ್ಲಿ ಹದಿನಾಲ್ಕು ಹುಡುಗಿಯರ ಹಾಕಿ ತಂಡವಿತ್ತು. ಆಟದಲ್ಲಿ ಎಲ್ಲರೂ ಗಟ್ಟಿಗಿತ್ತಿಯರೇ. ಆದರೆ ಅವರದೊಂದು ವಿಚಿತ್ರ ಪದ್ಧತಿ. ಆಯುಧಪೂಜೆಯ ದಿನ ಹಾಕಿ ಕೋಲು, ಬೂಟು, ತಂಡದ ಹಳದಿ ಕಾಲುಚೀಲ ಎಲ್ಲವನ್ನೂ ಸಾಲಾಗಿ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು ಪೂಜೆ ಮಾಡುತ್ತಿದ್ದರು. ಅಲ್ಲಿಗೆ ಸರಿ. ಪೂಜೆ ಆದ ಮೇಲೆ, ದಸರಾ ಕಳೆದು ಬರುವ ಪಂದ್ಯಾವಳಿ ಮುಗಿಯುವ ತನಕ, ಆ ಕಾಲುಚೀಲಕ್ಕೆ ಒಂದು ಹನಿ ನೀರು ಸೋಕಿಸುವಂತಿಲ್ಲ. ಒಗೆದರೆ ಕುಂಕುಮ ಹೋಗುತ್ತದೆ, ಕುಂಕುಮದ ಜೊತೆ ಗೆಲುವೂ ಹೋಗುತ್ತದೆ ಅಂತ ನಂಬಿಕೆ. ಯಾವ ಕಾಲದಲ್ಲೋ ಯಾರೋ ಒಗೆಯದೆ ಗೆದ್ದಿದ್ದರಂತೆ, ಅದೇ ಶಾಸ್ತ್ರವಾಗಿ ಕೂತಿತ್ತು.

ಪಂದ್ಯಾವಳಿ ಅಂದರೆ ಐದಾರು ದಿನ. ದಿನಾ ಓಟ, ದಿನಾ ಬೆವರು, ಅದೇ ಕಾಲುಚೀಲ. ವಾಸನೆಯ ವಿಷಯ ನಾನು ಹೇಳುವುದಿಲ್ಲ ಮಕ್ಕಳೇ, ನೀವು ಈಗಷ್ಟೇ ಊಟ ಮಾಡಿ ಕೂತಿರಬಹುದು.

ಆ ವರ್ಷ ತಂಡಕ್ಕೆ ಹದಿನಾಲ್ಕನೆಯವಳಾಗಿ ಸುಗುಣ ಅಂತ ಹೊಸ ಹುಡುಗಿ ಸೇರಿದಳು. ಸಣ್ಣ ಆಳು, ಕಾಲು ಮಾತ್ರ ಬಲು ಚುರುಕು. ಅವಳ ಅಪ್ಪ ಅಮ್ಮ ಊರಿನಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವವರು. ಈ ಸಂಗತಿಯನ್ನು ಸುಗುಣ ಹಾಸ್ಟೆಲಿನಲ್ಲಿ ಯಾರಿಗೂ ಹೇಳಿರಲಿಲ್ಲ. ಹಳೇ ಶಾಲೆಯಲ್ಲಿ ಹೇಳಿದ್ದಕ್ಕೆ ಕ್ಲಾಸಿನವರೆಲ್ಲ ತಮ್ಮ ಯೂನಿಫಾರ್ಮು ಅವಳ ಬೆಂಚಿನ ಮೇಲೆ ಎಸೆದು ನಕ್ಕಿದ್ದರು. ಆ ನೋವು ಅವಳಿಗೆ ಇನ್ನೂ ಹಸಿಯಾಗಿಯೇ ಇತ್ತು. ಇಲ್ಲಿ ಅವಳಿಗೆ ಬೇಕಾಗಿದ್ದು ಒಂದೇ, ತಂಡದಲ್ಲಿ ಒಂದು ಜಾಗ, ಎಲ್ಲರ ಸಮಕ್ಕೆ.

ಮೊದಲನೇ ಪಂದ್ಯ ಗೆದ್ದು ಬಂದ ಸಂಜೆ ಸುಗುಣ ತನ್ನ ಕಾಲುಚೀಲ ಬಿಚ್ಚಿದಳು. ಒಳಮಗ್ಗಲು ಮೇಲೆ ಮಾಡಿ, ಮಣ್ಣು ಕೊಡವಿ, ಒಗೆದು ತಂತಿಗೆ ಹಾಕಿದಳು. ಅವಳ ಮನೆಯಲ್ಲಿ ಕೊಳೆಯಾದ ಬಟ್ಟೆಯನ್ನು ಬೆಳಗಿನ ತನಕ ಬಿಡುವ ರೂಢಿಯೇ ಇಲ್ಲ. ಹಾಸ್ಟೆಲಿನ ಶಾಸ್ತ್ರ ಅವಳಿಗೆ ಯಾರೂ ಹೇಳಿರಲೂ ಇಲ್ಲ.

ತಂಡದ ನಾಯಕಿ ದಾಕ್ಷಾಯಿಣಿ ಅದನ್ನು ನೋಡಿದಳು. ಅವಳ ಮುಖ ಕೆಂಪಗಾಯಿತು.

"ಪೂಜೆ ಮಾಡಿದ ಸಾಕ್ಸು ಕಣೇ ಅದು. ಯಾರನ್ನ ಕೇಳಿ ಒಗೆದೆ?"

"ಕೊಳೆಯಾಗಿತ್ತು, ದಾಕ್ಷಕ್ಕ."

"ಕೊಳೆಯಾಗ್ಲಿ, ಹರಿದೇ ಹೋಗ್ಲಿ. ನಾಳೆಯಿಂದ ನೀನು ಬೆಂಚಲ್ಲಿ ಕೂತ್ಕೋ. ನಿನ್ನಿಂದ ನಮ್ಮ ಗೆಲುವು ಹಾಳಾಗೋದು ಬೇಡ."

ಕೋಚ್ ತಂಗಮ್ಮ ಮೇಡಂ ಹೊಸಬರು. ಯಾರು ಆಡಬೇಕು ಅನ್ನುವುದನ್ನು ನಾಯಕಿಗೇ ಬಿಟ್ಟಿದ್ದರು. ಸುಗುಣ ಬೆಂಚಿಗೆ ಹೋಗಿ ಕೂತಳು. ತಮಾಷೆ ನೋಡಿ, ಅವಳಿಲ್ಲದೆ ತಂಡ ಎರಡನೇ ಪಂದ್ಯವನ್ನೂ ಗೆದ್ದಿತು, ಮೂರನೆಯದನ್ನೂ ಗೆದ್ದಿತು. ದಾಕ್ಷಾಯಿಣಿಯ ನಂಬಿಕೆಗೆ ಕೋಡು ಮೂಡಿತು. ಹುಡುಗಿಯರು ಸುಗುಣಳನ್ನು ಕಂಡರೆ ಪಕ್ಕಕ್ಕೆ ಸರಿದು ನಡೆಯತೊಡಗಿದರು. ಪಾಪ, ಸುಗುಣಳಿಗೇ ಅನುಮಾನ ಬಂತು. ನಾನೇ ತಪ್ಪು ಮಾಡಿದೆನೇನೋ, ನಾನೂ ಸುಮ್ಮನೆ ಅವರ ಹಾಗೇ ಇದ್ದುಬಿಡಲೇ ಅಂತ ಒಂದು ಗಳಿಗೆ ಯೋಚಿಸಿದಳು. ಆದರೂ ಸಂಜೆಯಾದರೆ ಅವಳ ಕೈ ತಾನಾಗಿ ಬಕೆಟ್ಟಿನ ಕಡೆ ಹೋಗುತ್ತಿತ್ತು.

ಸೆಮಿಫೈನಲ್ ಗೆಲ್ಲುವಷ್ಟರಲ್ಲಿ ತಂಡಕ್ಕೆ ಸಾಕುಸಾಕಾಗಿತ್ತು. ಕೊನೆಯ ಹತ್ತು ನಿಮಿಷ ಅರ್ಧ ಜನ ಓಡುತ್ತಿರಲಿಲ್ಲ, ಕುಂಟುತ್ತಿದ್ದರು. ಫೈನಲ್‌ಗೆ ಮುಂಚೆ ಒಂದು ದಿನ ಬಿಡುವಿತ್ತು. ಬೆಳಿಗ್ಗೆ ತಂಗಮ್ಮ ಮೇಡಂ ಎಲ್ಲರನ್ನೂ ಬರಿಗಾಲಲ್ಲಿ ಸಾಲಾಗಿ ಕೂರಿಸಿ ಪಾದ ನೋಡಿದರು.

ಬೆವರು, ಮಣ್ಣು ಕೂಡಿ ಒಣಗಿ ಕಾಲುಚೀಲದ ಅಡಿಭಾಗ ರಟ್ಟಿನ ಹಾಗಾಗಿತ್ತು. ಅದು ಉಜ್ಜಿ ಉಜ್ಜಿ ಎಂಟು ಹುಡುಗಿಯರ ಕಾಲಲ್ಲಿ ಬೊಬ್ಬೆ ಎದ್ದಿತ್ತು. ಬೆರಳ ಸಂದಿ ಬೆಳ್ಳಗೆ ಬೆಂದ ಹಾಗೆ. ದಾಕ್ಷಾಯಿಣಿಯ ಹಿಮ್ಮಡಿಯಲ್ಲಂತೂ ಚರ್ಮವೇ ಕಿತ್ತು ಬಂದಿತ್ತು. ಸುಗುಣಳ ಪಾದ ಮಾತ್ರ ನೆಟ್ಟಗಿತ್ತು.

ಮೇಡಂ ಹೆಚ್ಚು ಮಾತಾಡಲಿಲ್ಲ. ಗಾಯಕ್ಕೆ ಔಷಧಿ ಹಚ್ಚಿದರು. "ನಾಳೆ ಬೆಳಿಗ್ಗೆ ಮತ್ತೆ ನೋಡ್ತೀನಿ. ಇದೇ ಸಾಕ್ಸು ಹಾಕ್ಕೊಂಡು ಯಾರನ್ನೂ ಮೈದಾನಕ್ಕೆ ಬಿಡಲ್ಲ. ಹನ್ನೊಂದು ಜನ ಸರಿಯಾಗಿ ನಿಲ್ಲದಿದ್ರೆ ಫೈನಲ್ ಬಿಟ್ಟುಕೊಟ್ಟು ಬಸ್ಸು ಹತ್ತೋದೇ" ಅಂದರು.

ಬೇರೆ ಕಾಲುಚೀಲ ಹಾಕೋಣವೆಂದರೆ ತಂಡದ ಬಣ್ಣದ್ದು ಒಬ್ಬೊಬ್ಬರಿಗೆ ಒಂದೇ ಜೊತೆ. ಬಣ್ಣ ಬೇರೆಯಾದರೆ ಅಂಪೈರ್ ಒಪ್ಪುವುದಿಲ್ಲ. ಇರುವ ದಾರಿ ಒಂದೇ. ಹೇಮಾ ಅನ್ನುವ ಹುಡುಗಿ ಗಾಬರಿಬಿದ್ದು ತನ್ನ ಜೊತೆಯನ್ನು ತೆಗೆದುಕೊಂಡು ಹೋಗಿ ಸ್ನಾನದ ಹಂಡೆಯ ಕುದಿನೀರಿಗೇ ಅದ್ದಿಬಿಟ್ಟಳು. ಹೊರಗೆ ತೆಗೆದಾಗ ಎಲಾಸ್ಟಿಕ್ ಸತ್ತು, ಕಾಲುಚೀಲ ಮೊಣಕಾಲಿನಿಂದ ಜಾರಿ ಪಾದಕ್ಕೆ ಬಂದು ಕೂತಿತು. ಉಳಿದವರು ತಮ್ಮ ತಮ್ಮ ಜೊತೆಯನ್ನು ಹಿಂದಕ್ಕೆ ಎಳೆದುಕೊಂಡರು.

ಆಗ ದಾಕ್ಷಾಯಿಣಿ ಕುಂಟಿಕೊಂಡು ಒಗೆಯುವ ಕಲ್ಲಿನ ಹತ್ತಿರ ಬಂದಳು. ಸುಗುಣ ಅಲ್ಲಿ ತನ್ನದನ್ನು ಹಿಂಡುತ್ತಿದ್ದಳು. ದಾಕ್ಷಾಯಿಣಿಯ ಕೈಯಲ್ಲಿ ಹದಿಮೂರು ಜೊತೆಯ ಗಂಟು. ಹಿಂದೆ ಹುಡುಗಿಯರೆಲ್ಲ.

"ನಿಂಗೆ ಈ ಕೆಲಸ ಚೆನ್ನಾಗಿ ಬರತ್ತೆ. ಎಲ್ಲರದ್ದೂ ಒಗೆದುಕೊಡು. ನಾಳೆ ನಿನ್ನನ್ನೂ ಆಡಿಸ್ತೀನಿ" ಅಂದಳು.

ಸುಗುಣಳ ಕಿವಿ ಬಿಸಿಯಾಯಿತು. ಹಳೇ ಶಾಲೆಯ ಅದೇ ಬೆಂಚು, ಅದೇ ಯೂನಿಫಾರ್ಮಿನ ರಾಶಿ ಕಣ್ಣಮುಂದೆ ಬಂತು. ಹೂಂ ಅಂದರೆ ತಂಡದಲ್ಲಿ ಜಾಗ. ಊಹೂಂ ಅಂದರೆ ನಾಳೆ ಎಲ್ಲರೂ ಬಸ್ಸಿನಲ್ಲಿ, ಬೈಗುಳ ಇವಳಿಗೆ. ಅವಳು ಎದ್ದು ನಿಂತು ಕೈ ಒರೆಸಿಕೊಂಡಳು.

"ನನ್ನ ಅಪ್ಪ ಅಮ್ಮ ಬಟ್ಟೆ ಒಗೆಯೋರೇ, ದಾಕ್ಷಕ್ಕ. ಅದಕ್ಕೇ ಚೆನ್ನಾಗಿ ಬರತ್ತೆ. ಆದ್ರೆ ನಾನು ಒಗೆದುಕೊಡಲ್ಲ. ಹೇಗೆ ಒಗೆಯೋದು ಅಂತ ಹೇಳಿಕೊಡ್ತೀನಿ. ಪಾದ ನಿಮ್ಮದು, ಸಾಕ್ಸು ನಿಮ್ಮದು, ಕೈಯೂ ನಿಮ್ಮದೇ ಆಗ್ಬೇಕು."

ಅಷ್ಟು ದಿನ ಮುಚ್ಚಿಟ್ಟ ಮಾತು ಬಾಯಿಂದ ಹೊರಗೆ ಬಂದ ಮೇಲೆ ಸುಗುಣಳಿಗೆ ಅದು ಅಂಥ ದೊಡ್ಡ ಭಾರ ಅನ್ನಿಸಲೇ ಇಲ್ಲ. ದಾಕ್ಷಾಯಿಣಿ ಗಂಟನ್ನು ಎದೆಗೆ ಒತ್ತಿಕೊಂಡಳು. ದನಿ ಸಣ್ಣದಾಗಿತ್ತು.

"ನಾನೇ ಒಗೆದರೆ... ಕುಂಕುಮ ಹೋಗತ್ತಲ್ಲೇ. ಪೂಜೆ ಮಾಡಿದ್ದಲ್ವಾ?"

"ನಿಮ್ಮನೇಲಿ ದೇವರ ದೀಪ ಹುಣಸೆಹಣ್ಣು ಹಾಕಿ ತಿಕ್ಕಲ್ವಾ ಅಕ್ಕ? ಪೂಜೆ ಮಾಡಿದ್ದು ಅಂತ ಜಿಡ್ಡು ಹಿಡಿದು ಕರ್ರಗಿರೋಕೆ ಬಿಡ್ತೀರಾ? ದೇವರಿಗೇ ದಿನಾ ಅಭಿಷೇಕ ಮಾಡಿ ಹೊಸ ಕುಂಕುಮ ಇಡ್ತೀವಿ."

ದಾಕ್ಷಾಯಿಣಿ ಗಂಟು ಬಿಚ್ಚಿ, ತನ್ನ ಜೊತೆ ಹುಡುಕಿ, ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ನಾಯಕಿ ಕೂತ ಮೇಲೆ ಉಳಿದವರು ನಿಲ್ಲುತ್ತಾರೆಯೇ? ಸಾಲಾಗಿ ಕೂತರು.

ಆಮೇಲೆ ನೋಡಬೇಕಿತ್ತು ಸುಗುಣಳ ಗತ್ತು. ಅಷ್ಟುದ್ದ ಹುಡುಗಿಯರ ನಡುವೆ ಸೊಂಟಕ್ಕೆ ಕೈ ಕೊಟ್ಟು ಓಡಾಡುತ್ತಿದ್ದಳು. ಮೊದಲು ಒಳಮಗ್ಗಲು ಹೊರಗೆ ಮಾಡಿ, ಕೊಳೆ ಇರೋದು ಅಲ್ಲೇ. ಒಣ ಮಣ್ಣು ಕೊಡವಿ. ತಣ್ಣೀರಲ್ಲಿ ಸ್ವಲ್ಪ ಸೋಪಿನ ಪುಡಿ ಹಾಕಿ ಅರ್ಧ ಗಂಟೆ ನೆನೆಯಲಿ, ಆತುರ ಬೇಡ. ಬ್ರಷ್ ಹಾಕಬೇಡಿ, ಅಂಗೈಗೆ ಅಂಗೈ ಉಜ್ಜಿ. ಹಿಮ್ಮಡಿ, ಹೆಬ್ಬೆರಳು ಎರಡು ಸಲ. ಕಲ್ಲಿಗೆ ಬಡಿಯೋದು ಯಾರದು ಅಲ್ಲಿ, ಅದು ಕಂಬಳಿಯಲ್ಲ. ಸೋಪಿನ ಜಾರು ಹೋಗೋ ತನಕ ನೀರು ಬದಲಾಯಿಸಿ, ಸೋಪು ಉಳಿದರೆ ನಾಳೆ ಕಾಲು ಉರಿಯತ್ತೆ.

ನೀರು ಮೊದಲು ಕಾಫಿಯ ಬಣ್ಣಕ್ಕೆ ತಿರುಗಿತು, ಆಮೇಲೆ ಮಜ್ಜಿಗೆಯ ಬಣ್ಣಕ್ಕೆ ಬಂತು, ಕೊನೆಗೆ ತಿಳಿಯಾಯಿತು. ಅಡಿಯಿಂದ ಹಳದಿ ಎದ್ದು ಬಂತು. ತಮ್ಮ ಕಾಲುಚೀಲ ಇಷ್ಟು ಹಳದಿಯಾಗಿತ್ತು ಅನ್ನುವುದೇ ಹುಡುಗಿಯರಿಗೆ ಮರೆತುಹೋಗಿತ್ತು.

ಇನ್ನು ಒಣಗಿಸಬೇಕು. ಆಕಾಶ ನೋಡಿದರೆ ಮೋಡ, ಬಿಸಿಲಿನ ಸುಳಿವಿಲ್ಲ. ಹಸಿ ಕಾಲುಚೀಲ ಹಾಕಿಕೊಂಡರೆ ಬೊಬ್ಬೆ ಇಮ್ಮಡಿ. ಹೇಮಾ ಇಸ್ತ್ರಿಪೆಟ್ಟಿಗೆ ತರಲೇ ಅಂದಳು.

"ಇಸ್ತ್ರಿ ಅಂಗಡಿಯವಳ ಮಗಳು ಹೇಳ್ತಿದ್ದೀನಿ ಕೇಳು, ಇದಕ್ಕೆ ಇಸ್ತ್ರಿ ಆಗಲ್ಲ" ಅಂದಳು ಸುಗುಣ. "ಇರೋದೊಂದು ಜೊತೆ ಆಗ್ಲೇ ಸಾಯಿಸಿದ್ದೀಯ. ಅದಕ್ಕೆ ಮೇಲೊಂದು ಲಾಡಿ ಕಟ್ಕೊಂಡ್ರೆ ನಿಲ್ಲತ್ತೆ, ಯೋಚನೆ ಮಾಡ್ಬೇಡ."

ಒಣ ಟವೆಲ್ಲು ಹಾಸಿ, ಅದರ ಮೇಲೆ ಕಾಲುಚೀಲ ಇಟ್ಟು, ಚಾಪೆಯ ಹಾಗೆ ಸುರುಳಿ ಸುತ್ತಿ, ಮೇಲೆ ಕೂತು ಒತ್ತಲು ಹೇಳಿದಳು. ನೀರೆಲ್ಲ ಟವೆಲ್ಲು ಕುಡಿಯಿತು. ಆಮೇಲೆ ಕಾಲುಚೀಲದ ಬೆರಳಿನ ತುದಿಗೆ ಕ್ಲಿಪ್ಪು ಹಾಕಿ, ಎಲಾಸ್ಟಿಕ್ ಕೆಳಗೆ ಬರುವ ಹಾಗೆ, ಗಾಳಿ ಆಡುವ ಕಾರಿಡಾರಿನ ತಂತಿಗೆ ನೇತುಹಾಕಿದರು. ದಾಕ್ಷಾಯಿಣಿ ಗಂಟೆಗೊಮ್ಮೆ ಕುಂಟಿಕೊಂಡು ಹೋಗಿ ಮುಟ್ಟಿ ನೋಡಿ ಬರುತ್ತಿದ್ದಳು.

ಮರುದಿನ ಬೆಳಿಗ್ಗೆ ಹದಿನಾಲ್ಕು ಜೊತೆಯೂ ಗರಿಗರಿಯಾಗಿ ಒಣಗಿದ್ದವು. ಮೇಡಂ ಒಂದೊಂದನ್ನೂ ಒಳಗೆ ಕೈ ಹಾಕಿ ನೋಡಿದರು. ಪಾದಗಳನ್ನೂ ನೋಡಿದರು. ಗಾಯ ಒಣಗಿ ಪೊರೆ ಕಟ್ಟಿತ್ತು. "ನಡೀರಿ" ಅಂದರು, ಅಷ್ಟೇ.

ಎದುರಾಳಿಗಳು ಗಟ್ಟಿ ತಂಡ. ಕುಂಟುವ ಹುಡುಗಿಯರು ಬರುತ್ತಾರೆ ಅಂದುಕೊಂಡಿದ್ದವರಿಗೆ ಎದುರಿಗೆ ಬಂದವರು ಜಿಂಕೆಗಳು. ಗಾಯ ನೋಯುತ್ತಿರಲಿಲ್ಲ ಅಂತಲ್ಲ, ಆದರೆ ಮೆತ್ತನೆಯ ಬಟ್ಟೆಯೊಳಗೆ ಆ ನೋವು ತಡೆಯುವಂತಿತ್ತು. ಆಟದ ನಾಲ್ಕು ಭಾಗಗಳಲ್ಲಿ ಮೂರು ಮುಗಿದರೂ ಎರಡೂ ಕಡೆ ಗೋಲಿಲ್ಲ. ಹಳಬರನ್ನೇ ಮೊದಲು ಇಳಿಸಿದ್ದರಿಂದ ಸುಗುಣ ಇನ್ನೂ ಬೆಂಚಿನಲ್ಲೇ ಇದ್ದಳು. ಕೊನೆಯ ಭಾಗ ಶುರುವಾಗುವ ಮುಂಚೆ ದಾಕ್ಷಾಯಿಣಿ ಮೇಡಂ ಹತ್ತಿರ ಓಡಿ ಬಂದಳು.

"ಸುಗುಣನ್ನ ಇಳಿಸಿ ಮೇಡಂ. ನಮ್ಮ ತಂಡ ಇನ್ನೂ ಪೂರ್ತಿ ಆಗಿಲ್ಲ."

ಸುಗುಣ ಇಳಿದಳು. ಎರಡು ನಿಮಿಷ ಉಳಿದಿದ್ದಾಗ ಬಲಗಡೆಯಿಂದ ನುಗ್ಗಿ, ಇಬ್ಬರನ್ನು ದಾಟಿ, ಚೆಂಡನ್ನು ದಾಕ್ಷಾಯಿಣಿಯ ಕೋಲಿನ ಮುಂದೆ ಇಟ್ಟಳು. ದಾಕ್ಷಾಯಿಣಿ ಗಾಯದ ಹಿಮ್ಮಡಿಯನ್ನೇ ಊರಿ ಬೀಸಿದಳು. ಚೆಂಡು ಗೋಲಿನೊಳಗಿನ ಹಲಗೆಗೆ ಬಡಿದ ಸದ್ದು ಮೈದಾನದ ಆಚೆ ರಸ್ತೆಗೂ ಕೇಳಿಸಿತಂತೆ. ಆಟ ಮುಗಿದ ಸೀಟಿ ಊದಿದ್ದೇ ತಡ, ಹದಿನಾಲ್ಕು ಜನ ಒಬ್ಬರ ಮೇಲೊಬ್ಬರು ಬಿದ್ದು ಕೂಗಿದರು, ಅತ್ತರು, ಸುಗುಣಳನ್ನು ಹೆಗಲ ಮೇಲೆ ಹೊತ್ತರು. ಅವಳಿಗಾದ ಸಂತೋಷ ಇಷ್ಟು ಅಷ್ಟು ಅಂತ ಹೇಳಲಾರೆ.

ಗೆಲುವಿನ ಕಪ್ಪು ಕೈಗೆ ಬಂತು. ಪತ್ರಿಕೆಯವರು ಫೋಟೋಗೆ ಕರೆದರು. ನೋಡಿದರೆ ನಾಯಕಿಯೇ ಇಲ್ಲ. ಎಲ್ಲಿ ಅಂತ ಹುಡುಕಿಕೊಂಡು ಹೋದರೆ ಅವಳು ಮೈದಾನದ ನಲ್ಲಿಯ ಹತ್ತಿರ ಬರಿಗಾಲಲ್ಲಿ ಕೂತು, ಕಾಲುಚೀಲದ ಒಳಮಗ್ಗಲು ಹೊರಗೆ ಮಾಡುತ್ತಿದ್ದಳು.

"ಒಂದು ನಿಮಿಷ ನಿಲ್ಲೋಕೆ ಹೇಳಿ" ಅಂದಳು ದಾಕ್ಷಾಯಿಣಿ. "ಇದನ್ನ ನೆನೆಹಾಕಿ ಬರ್ತೀನಿ."

ನೀತಿ: ನಮ್ಮನ್ನು ಹೊತ್ತು ನಡೆಸುವ ವಸ್ತುವಿಗೆ ವರ್ಷಕ್ಕೊಂದು ಸಲ ಕೈ ಮುಗಿದರೆ ಸಾಲದು. ದಿನಾ ನಮ್ಮ ಕೈಯಾರೆ ಅದನ್ನು ಜೋಪಾನ ಮಾಡುವುದೇ ನಿಜವಾದ ಪೂಜೆ. ಆ ಕೆಲಸ ಬಲ್ಲವರು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ.